ಹುಟ್ಟಿದ ನಾಣ್ಯಗಳ ಲೆಕ್ಕ, ಉಳಿದ ನಾಣ್ಯಗಳ ಬೆಲೆ

ಅಮೆರಿಕದ ನೆವಾಡಾ ರಾಜ್ಯದ ಕಾರ್ಸನ್ ಸಿಟಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಒಂದು ಟಂಕಸಾಲೆ ಇತ್ತು. ಅಲ್ಲಿ ಅಚ್ಚಾದ ಬೆಳ್ಳಿಯ ಮಾರ್ಗನ್ ಡಾಲರ್‌ಗಳ ಹಿಂಬದಿಯಲ್ಲಿ, ಹದ್ದಿನ ಚಿತ್ರದ ಕೆಳಗೆ ‘ಸಿಸಿ’ ಎಂಬ ಎರಡು ಪುಟ್ಟ ಅಕ್ಷರಗಳಿರುತ್ತವೆ. ಅವುಗಳಲ್ಲಿ ಮೂರು ಇಸವಿಯ ನಾಣ್ಯಗಳನ್ನು ಅಕ್ಕಪಕ್ಕ ಇಟ್ಟುಕೊಂಡಿದ್ದೇವೆ ಎಂದುಕೊಳ್ಳೋಣ. 1879ರಲ್ಲಿ ಅಚ್ಚಾದದ್ದು 7,56,000. 1885ರಲ್ಲಿ 2,28,000. 1889ರಲ್ಲಿ 3,50,000. ಮೂರೂ ಒಂದೇ ತೂಕ, ಒಂದೇ ವಿನ್ಯಾಸ, ಒಂದೇ ಪ್ರಮಾಣದ ಬೆಳ್ಳಿ. ಚಲಾವಣೆಯ ಕೈ ಸೋಕದ, ಹೊಸದರಂತೆ ಹೊಳೆಯುವ ಸ್ಥಿತಿಯಲ್ಲಿ ಇವುಗಳಲ್ಲಿ ಯಾವುದಕ್ಕೆ ಹೆಚ್ಚು ಬೆಲೆ?

ಕಡಿಮೆ ಅಚ್ಚಾದದ್ದೇ ದುಬಾರಿ ಎಂಬ ಲೆಕ್ಕದಲ್ಲಿ 1885ರ ನಾಣ್ಯ ಮೊದಲ ಸ್ಥಾನದಲ್ಲಿರಬೇಕು. ಮಾರುಕಟ್ಟೆಯಲ್ಲಿ ಅದು ಮೂರರಲ್ಲೇ ಅಗ್ಗ. ಅದಕ್ಕಿಂತ ಮೂರು ಪಟ್ಟು ಹೆಚ್ಚು ಅಚ್ಚಾದ 1879ರ ನಾಣ್ಯಕ್ಕೆ ಅದರ ಹಲವು ಪಟ್ಟು ಬೆಲೆಯಿದೆ. 1889ರದ್ದಂತೂ ಆ ಎರಡರ ಹತ್ತಿರಕ್ಕೂ ಬರದಷ್ಟು ಎತ್ತರದಲ್ಲಿದೆ.

ಉತ್ತರ ಸಿಕ್ಕಿದ್ದು ಸರ್ಕಾರದ ಖಜಾನೆಯಲ್ಲಿ. ಮಾರ್ಗನ್ ಡಾಲರ್‌ಗಳನ್ನು ಜನ ಕೇಳಿದರೆಂದು ಅಚ್ಚು ಹಾಕಿದ್ದಲ್ಲ. ಬೆಳ್ಳಿ ಕೊಂಡು ನಾಣ್ಯ ಮಾಡಬೇಕೆಂದು 1878ರ ಕಾನೂನು ಹೇಳಿತ್ತು, ಹಾಗಾಗಿ ಅಚ್ಚು ಹಾಕಿದರು. ಬೇಡಿಕೆಯಿಲ್ಲದ ನಾಣ್ಯಗಳು ಸಾವಿರದ ಲೆಕ್ಕದಲ್ಲಿ ಬಟ್ಟೆಯ ಚೀಲ ಸೇರಿ, ಒಂದರ ಮೇಲೊಂದು ಪೇರಿಸಿಕೊಂಡು ದಶಕಗಟ್ಟಲೆ ಭದ್ರಕೋಣೆಗಳಲ್ಲಿ ಬಿದ್ದಿದ್ದವು. 1964ರಲ್ಲಿ ಖಜಾನೆ ಬೆಳ್ಳಿ ಡಾಲರ್‌ಗಳ ವಿತರಣೆಯನ್ನು ನಿಲ್ಲಿಸಿ ಉಳಿದದ್ದನ್ನು ಎಣಿಸಿದಾಗ ಹತ್ತಿರಹತ್ತಿರ 30 ಲಕ್ಷ ನಾಣ್ಯಗಳು ಸಿಕ್ಕವು, ಹೆಚ್ಚಿನವು ಕಾರ್ಸನ್ ಸಿಟಿಯವು. 1972ರಿಂದ 1980ರ ನಡುವೆ ಅವನ್ನು ಸಾರ್ವಜನಿಕರಿಗೆ ಮಾರಿದರು. ಇಸವಿವಾರು ಎಣಿಕೆ ಹೀಗಿತ್ತು: 1885ರ ನಾಣ್ಯಗಳು 1,48,285, ಅಂದರೆ ಹುಟ್ಟಿದವುಗಳಲ್ಲಿ ಸುಮಾರು ಮೂರನೇ ಎರಡು ಭಾಗ ಚೀಲದಿಂದ ಹೊರಗೇ ಬಂದಿರಲಿಲ್ಲ. 1884ರವು 9,62,638, ಅಚ್ಚಾದದ್ದು 11,36,000, ಹೀಗಾಗಿ ನೂರಕ್ಕೆ 85ರಷ್ಟು ಅಲ್ಲೇ ಇದ್ದವು. 1879ರವು ಬರೀ 4,123. 1889ರದ್ದು ಒಂದು. ಒಂದೇ ಒಂದು.

ಟಂಕಸಾಲೆಯ ವಾರ್ಷಿಕ ವರದಿ ಹೇಳುವುದು ಜನನದ ಲೆಕ್ಕವನ್ನು. ಮರಣದ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಆದರೆ ಕೊಳ್ಳುವವನು ಬೆಲೆ ಕೊಡುವುದು ಬದುಕಿ ಉಳಿದಿರುವ, ಮಾರಾಟಕ್ಕೆ ಬರಬಲ್ಲ ನಾಣ್ಯಕ್ಕೆ. ಕ್ಯಾಟಲಾಗಿನಲ್ಲಿ ಅಚ್ಚಾದ ಸಂಖ್ಯೆ ಕಣ್ಣಿಗೆ ಕಾಣುವಂತೆ ಛಾಪಿಸಿರುತ್ತದೆ, ಉಳಿದ ಸಂಖ್ಯೆಗೆ ಅಲ್ಲಿ ಕಾಲಮ್ಮೇ ಇರುವುದಿಲ್ಲ. ಹೊಸ ಸಂಗ್ರಾಹಕರು ಎಡವುವುದು ಇಲ್ಲೇ. ಈ ತಪ್ಪಿನಿಂದ ಜನ ಹಣ ಕಳೆದುಕೊಳ್ಳುವುದನ್ನು ಕಂಡಾಗಲೆಲ್ಲ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅಚ್ಚಾದ ಸಂಖ್ಯೆಯ ಕಾಲಮ್ಮನ್ನು ತಪ್ಪಾಗಿ ಓದಿಕೊಳ್ಳುವುದು ಅಷ್ಟು ಸುಲಭ.

ನಾಣ್ಯಗಳು ಸಾಯುವ ಬಗೆ ಹಲವು. ಸವೆದು ಗುರುತು ಸಿಗದಂತಾಗುತ್ತವೆ, ನೀರಿಗೆ ಮಣ್ಣಿಗೆ ಬೀಳುತ್ತವೆ, ಒಡವೆಯಾಗುತ್ತವೆ. ಆದರೆ ಇವೆಲ್ಲ ಚಿಲ್ಲರೆ ಸಾವುಗಳು. ಸಗಟಾಗಿ ಕೊಲ್ಲುವುದು ಕುಲುಮೆ. 1918ರ ಏಪ್ರಿಲ್‌ನಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ತಂದಿತು. ಅದಕ್ಕೆ ಕಾರಣವಾದದ್ದು ಭಾರತ. ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಇಲ್ಲಿನ ಜನ ಕಾಗದದ ನೋಟು ಕೊಟ್ಟು ಬೆಳ್ಳಿಯ ರೂಪಾಯಿ ಕೇಳತೊಡಗಿದ್ದರು, ಬ್ರಿಟಿಷ್ ಸರ್ಕಾರದ ಬಳಿ ಸಾಕಷ್ಟು ಬೆಳ್ಳಿ ಇರಲಿಲ್ಲ. ಆಗ ಅಮೆರಿಕ ತನ್ನ ಬೆಳ್ಳಿ ಡಾಲರ್‌ಗಳನ್ನು ಕರಗಿಸಿ ಬ್ರಿಟನ್ನಿಗೆ ಮಾರಿತು. ಒಟ್ಟು ಕರಗಿದ್ದು 27,02,32,722 ನಾಣ್ಯ, ಅದರಲ್ಲಿ ಸುಮಾರು 25.9 ಕೋಟಿ ನಾಣ್ಯಗಳ ಬೆಳ್ಳಿ ಬ್ರಿಟನ್ನಿನ ಪಾಲಾಯಿತು. ಐದನೇ ಜಾರ್ಜ್‌ನ ತಲೆಯಿರುವ ರೂಪಾಯಿಗಳಲ್ಲಿ ಎಷ್ಟೋ ಹಿಂದೆ ಮಾರ್ಗನ್ ಡಾಲರ್ ಆಗಿದ್ದವು ಎನ್ನುವುದು ಆ ಕಾಲದ ಬೆಳ್ಳಿ ರೂಪಾಯಿ ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ನೆನಪಾಗುವ ಸಂಗತಿ.

ಕರಗಿಸುವಾಗ ಇಷ್ಟು ಕೋಟಿ ಎಂದು ಒಟ್ಟು ಲೆಕ್ಕ ಇಟ್ಟರೇ ಹೊರತು ಯಾವ ಇಸವಿಯವು ಎಷ್ಟು, ಯಾವ ಟಂಕಸಾಲೆಯವು ಎಷ್ಟು ಎಂದು ಬರೆದಿಡಲಿಲ್ಲ. ಯಾವ ಚೀಲ ಕೈಗೆ ಹತ್ತಿರವಿತ್ತೋ ಅದು ಮೂಸೆಗೆ ಹೋಯಿತು. ಹಾಗಾಗಿ ಒಂದು ಇಸವಿಯ ಬಹುತೇಕ ನಾಣ್ಯಗಳು ಅಳಿದು, ಪಕ್ಕದ ಇಸವಿಯವು ಹಾಗೇ ಉಳಿದಿರಬಹುದು. ಇಸವಿಯ ಪಕ್ಕದಲ್ಲಿ ಛಾಪಿಸಿದ ಅಂಕಿಗೆ ಇದರ ಸುಳಿವೇ ಇರುವುದಿಲ್ಲ.

ಭಾರತದ್ದೇ ಇನ್ನೊಂದು ಉದಾಹರಣೆ 1911ರ ರೂಪಾಯಿ. ಐದನೇ ಜಾರ್ಜ್ ಪಟ್ಟಕ್ಕೆ ಬಂದ ಮೇಲೆ ಹೊರಬಂದ ಮೊದಲ ರೂಪಾಯಿ ಅದು. ರಾಜನ ನಿಲುವಂಗಿಯ ಮೇಲೆ ಪದಕದ ಸರವಿದೆ, ಅದರಲ್ಲೊಂದು ಆನೆ. ಭೂತಗನ್ನಡಿ ಇಟ್ಟು ನೋಡಿದರೆ ಆ ಆನೆಯ ಸೊಂಡಿಲು ಮೋಟು, ಕಾಲುಗಳು ಗಿಡ್ಡ. ನೋಡಿದವರಿಗೆ ಅದು ಹಂದಿಯಂತೆ ಕಂಡಿತು. ರಾಜನ ಎದೆಯ ಮೇಲೆ ಹಂದಿ ಇದೆ ಎಂದು ಜನ ನಾಣ್ಯವನ್ನೇ ಒಲ್ಲೆ ಎಂದರು. ಬೊಂಬಾಯಿ ಮತ್ತು ಕಲ್ಕತ್ತಾ ಟಂಕಸಾಲೆಗಳಲ್ಲಿ ಒಟ್ಟು 94 ಲಕ್ಷ ಅಚ್ಚಾಗಿತ್ತು. ಬಿಡುಗಡೆಯಾದದ್ದು 7 ಲಕ್ಷ ಮಾತ್ರ. ಅದರಲ್ಲೂ ಹಲವನ್ನು ಹಿಂದಕ್ಕೆ ಪಡೆದು, ಬಿಡುಗಡೆಯಾಗದ ರಾಶಿಯ ಜೊತೆ ಕರಗಿಸಿದರು. 1912ರ ರೂಪಾಯಿಯಲ್ಲಿ ಆನೆ ಆನೆಯಂತೆಯೇ ಇದೆ. ಈಗ 1911ರ ನಾಣ್ಯವನ್ನು ಕುರಿತು ‘94 ಲಕ್ಷ ಅಚ್ಚಾಗಿದೆ’ ಎಂದು ಯಾರಾದರೂ ಹೇಳಿದರೆ ಆ ಮಾತು ಸುಳ್ಳಲ್ಲ, ಆದರೆ ಅದರಿಂದ ಉಪಯೋಗವೂ ಇಲ್ಲ. ಇಂದು ಸಿಗುವ ಪ್ರತಿಯೊಂದು ನಾಣ್ಯವೂ ಬಂದಿರುವುದು ಆ 7 ಲಕ್ಷದ ಒಳಗಿನಿಂದ.

ಚಿನ್ನದ ಕತೆಯೂ ಇದೇ. ಲಂಡನ್ ಟಂಕಸಾಲೆಯ 1917ರ ಸಾವರಿನ್ 10 ಲಕ್ಷಕ್ಕೂ ಮೀರಿ ಅಚ್ಚಾಗಿತ್ತು, ಯುದ್ಧದ ಸಾಲ ತೀರಿಸಲು ಹೋಗಿ ಗಟ್ಟಿಗಳಾಗಿ ಕರಗಿದ್ದರಿಂದ ಇಂದು ಅದು ವಿರಳ ನಾಣ್ಯಗಳ ಸಾಲಿನಲ್ಲಿದೆ.

ಇದುವರೆಗೆ ಹೇಳಿದ್ದೆಲ್ಲ ಕಡಿಮೆಯಾದ ಕತೆ. ಉಳಿದವು ಇದ್ದಕ್ಕಿದ್ದಂತೆ ಹೆಚ್ಚಾಗುವುದೂ ಉಂಟು, ನನ್ನ ಮಟ್ಟಿಗೆ ಈ ವಾದಕ್ಕೆ ಅದಕ್ಕಿಂತ ಬಲವಾದ ಸಾಕ್ಷಿ ಬೇರೆ ಇಲ್ಲ. ನ್ಯೂ ಆರ್ಲಿಯನ್ಸ್ ಟಂಕಸಾಲೆಯ 1903ರ ಮಾರ್ಗನ್ ಡಾಲರ್ 44,50,000 ಅಚ್ಚಾಗಿತ್ತು. ಆದರೂ 1960ರ ದಶಕದ ಆರಂಭದಲ್ಲಿ ಹೊಸ ಸ್ಥಿತಿಯ ಒಂದು ನಾಣ್ಯಕ್ಕೆ ಬೆಲೆಪಟ್ಟಿಯಲ್ಲಿ 1,500 ಡಾಲರ್ ಇತ್ತು, ಏಕೆಂದರೆ ಹುಡುಕಿದರೂ ಅದು ಸಿಗುತ್ತಿರಲಿಲ್ಲ. ಪಿಟ್‌ಮನ್ ಕಾಯ್ದೆಯಡಿ ಬಹುತೇಕ ಕರಗಿಹೋಗಿರಬೇಕು ಎಂದು ಎಲ್ಲರೂ ನಂಬಿದ್ದರು. 1962ರ ಕೊನೆಯಲ್ಲಿ ಖಜಾನೆಯವರು ಬಹುಕಾಲದಿಂದ ಮೊಹರು ಹಾಕಿಟ್ಟಿದ್ದ ಕೋಣೆಯಿಂದ ಚೀಲಗಳನ್ನು ಹೊರತೆಗೆದು ಹಂಚಿದರು. ಅವುಗಳಲ್ಲಿ 1903ರ ನಾಣ್ಯಗಳು ಚೀಲ ಚೀಲವಾಗಿ ಬಂದವು. ತಿಂಗಳುಗಳೊಳಗೆ ಬೆಲೆ ಸಾವಿರದಿಂದ ಹತ್ತುಗಳ ಲೆಕ್ಕಕ್ಕೆ ಕುಸಿಯಿತು. ಈ ಘಟನೆಯಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂದು ನೋಡಿ. ಅಚ್ಚಾದ ಸಂಖ್ಯೆ ಹಿಂದಿನ ದಿನವೂ 44,50,000, ಮರುದಿನವೂ 44,50,000. ಕೊಳ್ಳುವವರೂ ಅವರೇ. ಬದಲಾದದ್ದು ಮಾರುಕಟ್ಟೆಗೆ ಸಿಗುವ ನಾಣ್ಯಗಳ ಸಂಖ್ಯೆ ಮಾತ್ರ, ಬೆಲೆ ಅದರ ಹಿಂದೆಯೇ ಓಡಿತು.

ಕುಲುಮೆ, ಖಜಾನೆಗಳನ್ನು ಬಿಟ್ಟರೆ ಉಳಿವನ್ನು ನಿರ್ಧರಿಸುವ ಮೂರನೆಯ ಸಂಗತಿ ಜನರ ಗಮನ. 1909ರಲ್ಲಿ ಲಿಂಕನ್ ಮುಖವಿರುವ ಒಂದು ಸೆಂಟ್ ನಾಣ್ಯ ಮೊದಲ ಬಾರಿಗೆ ಬಂತು. ಹಿಂಬದಿಯ ಅಂಚಿನಲ್ಲಿ ಶಿಲ್ಪಿ ವಿಕ್ಟರ್ ಡೇವಿಡ್ ಬ್ರೆನ್ನರ್ ಹೆಸರಿನ ಮೊದಲಕ್ಷರಗಳು ‘ವಿ.ಡಿ.ಬಿ.’ ಎಂದು ಇದ್ದವು. ಅದಕ್ಕೆ ಆಕ್ಷೇಪ ಎದ್ದು ಕೆಲವೇ ದಿನಗಳಲ್ಲಿ ಆ ಅಕ್ಷರಗಳನ್ನು ತೆಗೆದರು. ಅಷ್ಟರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 4,84,000 ಅಚ್ಚಾಗಿತ್ತು. ಹೊಸ ವಿನ್ಯಾಸ, ಮೇಲೊಂದು ವಿವಾದ, ಜನ ಎತ್ತಿಟ್ಟುಕೊಂಡರು. ಐದು ವರ್ಷಗಳ ಮೇಲೆ 1914ರಲ್ಲಿ ಡೆನ್ವರ್ ಟಂಕಸಾಲೆ 11,93,000 ಸೆಂಟ್ ಅಚ್ಚು ಹಾಕಿತು. ಅದರಲ್ಲಿ ಹೊಸತೇನೂ ಇರಲಿಲ್ಲ, ಯಾರೂ ತಿರುಗಿ ನೋಡಲಿಲ್ಲ. ನಾಣ್ಯಗಳೆಲ್ಲ ಕೈಯಿಂದ ಕೈಗೆ ಹೋಗಿ ಸವೆದವು. ಇಂದು ಸವೆದ ಸ್ಥಿತಿಯಲ್ಲಿ 1909ರದ್ದು ದುಬಾರಿ. ಸವೆಯದ ಸ್ಥಿತಿಯಲ್ಲಿ ಎರಡೂವರೆ ಪಟ್ಟು ಹೆಚ್ಚು ಅಚ್ಚಾದ 1914ರ ಡೆನ್ವರ್ ಸೆಂಟೇ ದುಬಾರಿ.

ಇಲ್ಲಿ ‘ಉಳಿದವು’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ. ಒಂದು ನಾಣ್ಯದ ಉಳಿದ ಸಂಖ್ಯೆ ಎಂದರೆ ಒಂದೇ ಸಂಖ್ಯೆಯಲ್ಲ, ಸ್ಥಿತಿಗೊಂದರಂತೆ ಹಲವು ಸಂಖ್ಯೆಗಳು. ಸಂಗ್ರಾಹಕರು ಬಳಸುವ ದರ್ಜೆಯ ಅಳತೆ 1ರಿಂದ 70ರವರೆಗೆ ಇದೆ; 60 ಮತ್ತು ಅದರ ಮೇಲಿನವು ಚಲಾವಣೆಯಲ್ಲಿ ಸವೆಯದವು. ದರ್ಜೆ ಏರಿದಂತೆ ಉಳಿದವರ ಪಟ್ಟಿ ಕಿರಿದಾಗುತ್ತದೆ, ಎಷ್ಟು ಕಿರಿದಾಗುತ್ತದೆ ಎಂಬುದು ಆ ನಾಣ್ಯ ಬದುಕಿದ ಬಗೆಯನ್ನು ಅವಲಂಬಿಸಿದೆ. ಮತ್ತೆ ಕಾರ್ಸನ್ ಸಿಟಿಯ 1885ರ ಡಾಲರ್ ತೆಗೆದುಕೊಳ್ಳಿ. ಚೀಲದಲ್ಲೇ ಉಳಿದಿದ್ದರಿಂದ ಅದರ ಬದುಕಿರುವ ನಾಣ್ಯಗಳಲ್ಲಿ ಬಹುಪಾಲು ಹೊಸ ಸ್ಥಿತಿಯವೇ. ಸವೆದದ್ದು ಸಿಗುವುದು ಕಷ್ಟ! ಹಾಗಾಗಿ ಅದರ ಸವೆದ ನಾಣ್ಯಕ್ಕೂ ಹೊಳೆಯುವ ನಾಣ್ಯಕ್ಕೂ ಬೆಲೆಯಲ್ಲಿ ಅಂತರ ಬಹಳ ಕಡಿಮೆ. 1879ರ ನಾಣ್ಯದಲ್ಲಿ ಇದೇ ಅಂತರ ಬಾಯಿ ಬಿಡುವಷ್ಟು ದೊಡ್ಡದು. ಒಂದೇ ಟಂಕಸಾಲೆ, ಆರು ವರ್ಷಗಳ ಅಂತರ, ಎರಡು ಬೇರೆ ಬೇರೆ ಬಾಳು.

ಅಚ್ಚಾದ ಸಂಖ್ಯೆ ಕಡಿಮೆ ಎಂಬುದು ಎಲ್ಲರಿಗೂ ಮೊದಲೇ ತಿಳಿದುಬಿಟ್ಟರೆ ಇನ್ನೊಂದು ಬಗೆಯ ತಿರುವು ಬರುತ್ತದೆ. 1950ರಲ್ಲಿ ಡೆನ್ವರ್‌ನಲ್ಲಿ ಅಚ್ಚಾದ ಐದು ಸೆಂಟಿನ ಜೆಫರ್ಸನ್ ನಿಕ್ಕಲ್ ಬರೀ 26,30,030. ಆ ಸರಣಿಯಲ್ಲೇ ಕಡಿಮೆ. ಸುದ್ದಿ ಹರಡಿದ್ದೇ ತಡ, ಸಂಗ್ರಾಹಕರೂ ವ್ಯಾಪಾರಿಗಳೂ ಬ್ಯಾಂಕುಗಳಿಂದ ಸುರುಳಿಗಟ್ಟಲೆ ಒಯ್ದು ಬಚ್ಚಿಟ್ಟರು. 1960ರ ದಶಕದ ಆರಂಭದವರೆಗೆ ಬೆಲೆ ಏರುತ್ತಲೇ ಹೋಯಿತು, ಆಮೇಲೆ ನೆಲ ಕಚ್ಚಿತು. ಬಚ್ಚಿಟ್ಟವರೆಲ್ಲ ಹೊರತೆಗೆದಾಗ ಹೊಸ ಸ್ಥಿತಿಯ ನಾಣ್ಯಗಳೇ ಎಲ್ಲೆಲ್ಲೂ ಕಂಡವು. ಇಂದಿಗೂ ಆ ನಿಕ್ಕಲ್ಲಿನ ಹೊಸ ನಾಣ್ಯ ಸಾಧಾರಣ ಬೆಲೆಗೆ ಸಿಗುತ್ತದೆ. ಸಂಗ್ರಾಹಕರಿಗೆಂದೇ ಇಂದು ಮಿತ ಸಂಖ್ಯೆಯಲ್ಲಿ ತಯಾರಿಸಿ, ಪ್ಲಾಸ್ಟಿಕ್ ಕವಚದಲ್ಲಿಟ್ಟು, ಪ್ರಮಾಣಪತ್ರದ ಜೊತೆ ಮಾರುವ ನಾಣ್ಯಗಳನ್ನು ನೋಡುವಾಗ ಈ ಕತೆ ನೆನಪಿರಬೇಕು. ಅಲ್ಲಿ ಹುಟ್ಟಿದ ಐದು ಸಾವಿರದಲ್ಲಿ ಐದು ಸಾವಿರವೂ ಉಳಿಯುತ್ತವೆ, ಐದು ಸಾವಿರವೂ ಹೊಸ ಸ್ಥಿತಿಯಲ್ಲೇ ಇರುತ್ತವೆ. ಐದು ಲಕ್ಷ ಹುಟ್ಟಿ ಐನೂರು ಉಳಿದ ಹಳೆಯ ನಾಣ್ಯವೇ ಇದಕ್ಕಿಂತ ವಿರಳ.

ಇನ್ನು, ಅಚ್ಚಾದ ಸಂಖ್ಯೆಯನ್ನು ಜನನದ ಲೆಕ್ಕವಾಗಿಯಾದರೂ ಪೂರ್ತಿ ನಂಬಬಹುದೇ ಎಂದರೆ ಅದೂ ಇಲ್ಲ. ಅಮೆರಿಕದ ಟಂಕಸಾಲೆಯ ಪುಸ್ತಕದಲ್ಲಿ 1804ರಲ್ಲಿ 19,570 ಡಾಲರ್ ಅಚ್ಚಾದ ದಾಖಲೆಯಿದೆ. ಅವನ್ನು ಅಚ್ಚು ಹಾಕಿದ್ದು ಹಿಂದಿನ ಇಸವಿಯ ಅಚ್ಚುಗಳಿಂದ. 1804 ಎಂದು ಕೆತ್ತಿದ ಪ್ರಸಿದ್ಧ ಡಾಲರ್‌ಗಳು ಹುಟ್ಟಿದ್ದು ಮೂವತ್ತು ವರ್ಷಗಳ ಮೇಲೆ, ಮಸ್ಕತ್ ಮತ್ತು ಸಯಾಮಿನಂಥ ದೇಶಗಳ ದೊರೆಗಳಿಗೆ ಉಡುಗೊರೆ ಕೊಡಲು ನಾಣ್ಯಗಳ ಗುಚ್ಛ ಸಿದ್ಧಪಡಿಸಿದಾಗ. ಭಾರತದ ರೂಪಾಯಿಗಳಲ್ಲಿ 1862 ಎಂಬ ಇಸವಿಯನ್ನು ಹತ್ತಕ್ಕೂ ಹೆಚ್ಚು ವರ್ಷ ಬದಲಿಸಲೇ ಇಲ್ಲ, ಪುಟ್ಟ ಚುಕ್ಕೆಗಳನ್ನು ಎಣಿಸಿ ಬೇರೆ ಬೇರೆ ವರ್ಷದವೆಂದು ಗುರುತಿಸಬೇಕು. 1895ರ ಮಾರ್ಗನ್ ಡಾಲರ್ ಫಿಲಡೆಲ್ಫಿಯಾದಲ್ಲಿ ಚಲಾವಣೆಗೆಂದು 12,000 ಅಚ್ಚಾಯಿತೆಂದು ದಾಖಲೆ ಹೇಳುತ್ತದೆ. ಅವುಗಳಲ್ಲಿ ಖಚಿತವಾಗಿ ಇದೇ ಎನ್ನಬಹುದಾದ ಒಂದೂ ಸಿಕ್ಕಿಲ್ಲ. ಸಂಗ್ರಾಹಕರು ಕೊಳ್ಳುವುದು ಅದೇ ವರ್ಷ ವಿಶೇಷವಾಗಿ ತಯಾರಿಸಿದ 880 ಪ್ರೂಫ್ ನಾಣ್ಯಗಳಲ್ಲಿ ಉಳಿದವನ್ನು.

ಪ್ರಾಚೀನ ನಾಣ್ಯಗಳಿಗಂತೂ ಅಚ್ಚಾದ ಸಂಖ್ಯೆ ಎಂಬುದೇ ಇಲ್ಲ. ರೋಮನ್ ದಿನಾರಿಯಸ್ ಎಷ್ಟು ಅಚ್ಚಾದವು, ವಿಜಯನಗರದ ವರಹಗಳು ಎಷ್ಟು ಅಚ್ಚಾದವು ಎಂದು ಹೇಳುವ ವಾರ್ಷಿಕ ವರದಿ ನಮಗೆ ಬಂದಿಲ್ಲ. ಆದರೂ ಅವುಗಳ ಮಾರುಕಟ್ಟೆ ಚೆನ್ನಾಗಿಯೇ ನಡೆಯುತ್ತದೆ. ಯಾವುದು ಆಗಾಗ ಸಿಗುತ್ತದೆ, ಯಾವುದು ದಶಕಕ್ಕೊಮ್ಮೆ ಕಾಣುತ್ತದೆ ಎಂಬ ಅನುಭವದ ಮೇಲೆಯೇ ಬೆಲೆ ನಿಲ್ಲುತ್ತದೆ.

ಹಾಗಾದರೆ ಉಳಿದವನ್ನು ಎಣಿಸುವುದು ಹೇಗೆ? ನೇರವಾಗಿ ಎಣಿಸಲು ಆಗದು, ಅಂದಾಜು ಮಾಡಬಹುದು. ಅತ್ಯಂತ ವಿರಳವಾದವಕ್ಕೆ ಹಳೆಯ ಹರಾಜುಗಳ ಚಿತ್ರಪಟ್ಟಿಗಳನ್ನು ಒಂದೊಂದಾಗಿ ಹೋಲಿಸಿ, ಗೀರು ಕಲೆಗಳ ಗುರುತಿನಿಂದ ‘ಇದು ಅದೇ ನಾಣ್ಯ’ ಎಂದು ಪತ್ತೆಹಚ್ಚಿ ಪಟ್ಟಿ ಮಾಡುತ್ತಾರೆ. ಸಾಮಾನ್ಯವಾಗಿ ಸಿಗುವವಕ್ಕೆ ದರ್ಜೆ ನೀಡುವ ಸಂಸ್ಥೆಗಳ ಎಣಿಕೆ ನೆರವಾಗುತ್ತದೆ. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಆರಂಭವಾದವು. ತಾವು ಪರೀಕ್ಷಿಸಿ ಕವಚದಲ್ಲಿ ಮುಚ್ಚಿದ ನಾಣ್ಯಗಳ ಎಣಿಕೆಯನ್ನು ದರ್ಜೆವಾರು ಪ್ರಕಟಿಸುವುದು ಈ ಸಂಸ್ಥೆಗಳ ರೂಢಿ. ಇದು ದೊಡ್ಡ ಉಪಕಾರ, ಆದರೆ ಕಣ್ಣುಮುಚ್ಚಿ ನಂಬುವಂಥದ್ದಲ್ಲ. 64ರ ದರ್ಜೆ ಸಿಕ್ಕ ನಾಣ್ಯಕ್ಕೆ 65 ಸಿಗಲಿ ಎಂಬ ಆಸೆಯಿಂದ ಮಾಲೀಕರು ಕವಚ ಒಡೆದು ಮತ್ತೆ ಕಳುಹಿಸುತ್ತಾರೆ. ಕವಚದೊಳಗಿದ್ದ ಹಳೆಯ ದರ್ಜೆಯ ಚೀಟಿಯನ್ನು ಸಂಸ್ಥೆಗೆ ಹಿಂದಿರುಗಿಸದಿದ್ದರೆ ಒಂದೇ ನಾಣ್ಯ ಎರಡು ಮೂರು ಸಲ ಎಣಿಕೆಗೆ ಬರುತ್ತದೆ. ಅಗ್ಗದ ನಾಣ್ಯದ ವಿಷಯದಲ್ಲಿ ಇದರ ತಲೆಕೆಳಗು: ಪರೀಕ್ಷೆಯ ಶುಲ್ಕವೇ ನಾಣ್ಯದ ಬೆಲೆಗಿಂತ ಹೆಚ್ಚು, ಹಾಗಾಗಿ ಯಾರೂ ಕಳುಹಿಸುವುದಿಲ್ಲ, ಎಣಿಕೆ ನೋಡಿದವರಿಗೆ ಅದು ವಿರಳವೆಂಬ ಭ್ರಮೆ. ನಾನು ಎಣಿಕೆಗಿಂತ ಹೆಚ್ಚು ಬೆಲೆ ಕೊಡುವುದು ಕೆಲವು ವರ್ಷಗಳ ಹರಾಜಿನ ಫಲಿತಾಂಶಗಳಿಗೆ. ಒಂದು ನಾಣ್ಯ ವರ್ಷಕ್ಕೆ ಎಷ್ಟು ಸಲ, ಯಾವ ಸ್ಥಿತಿಯಲ್ಲಿ ಮಾರಾಟಕ್ಕೆ ಬಂತು ಎಂದು ನೋಡುತ್ತಾ ಹೋದರೆ ಮಾರುಕಟ್ಟೆಯ ನಾಡಿ ಸಿಗುತ್ತದೆ.

ಒಂದು ಮಾತು ಸೇರಿಸದಿದ್ದರೆ ಈ ವಿವರಣೆ ಅರ್ಧವಾಗುತ್ತದೆ. ಉಳಿದದ್ದು ಕಡಿಮೆಯಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ, ಬೇಕು ಎನ್ನುವವರೂ ಇರಬೇಕು. ಇಪ್ಪತ್ತು ಮೂವತ್ತು ಮಾತ್ರ ಉಳಿದ ಪ್ರಾಚೀನ ನಾಣ್ಯಗಳ ಉಪವಿಧಗಳು ಸಾಧಾರಣ ಬೆಲೆಗೆ ಮಾರಾಟವಾಗುತ್ತವೆ, ಏಕೆಂದರೆ ಅವನ್ನು ಹುಡುಕುವವರೇ ಹತ್ತು ಜನ. 1909ರ ವಿ.ಡಿ.ಬಿ. ಸೆಂಟ್ ಸಾವಿರಾರು ಉಳಿದಿದ್ದರೂ ಬೆಲೆ ಇಳಿಯದಿರುವುದು ಲಿಂಕನ್ ಸೆಂಟ್‌ಗಳ ಸರಣಿಯನ್ನು ಪೂರ್ತಿ ಮಾಡಹೊರಟ ಪ್ರತಿಯೊಬ್ಬರಿಗೂ ಅದು ಬೇಕಾಗಿರುವುದರಿಂದ. ಆದರೆ ಬೇಡಿಕೆ ತೂಗುವುದೂ ಉಳಿದ ಸಂಖ್ಯೆಯ ಎದುರಿಗೇ, ಅಚ್ಚಾದ ಸಂಖ್ಯೆಯ ಎದುರಿಗಲ್ಲ.

ಅಷ್ಟೇ ಅಲ್ಲ, ಉಳಿದವುಗಳಲ್ಲೂ ಮಾರಾಟಕ್ಕೆ ಬರಬಲ್ಲವು ಬೇರೆ, ಬರಲಾರದವು ಬೇರೆ. ವಸ್ತುಸಂಗ್ರಹಾಲಯ ಸೇರಿದ ನಾಣ್ಯ ಉಳಿದಿದೆ, ಆದರೆ ಮಾರುಕಟ್ಟೆಯ ಪಾಲಿಗೆ ಇಲ್ಲ. 1933ರಲ್ಲಿ ಅಮೆರಿಕ 20 ಡಾಲರ್ ಮುಖಬೆಲೆಯ ಚಿನ್ನದ ಡಬಲ್ ಈಗಲ್ ನಾಣ್ಯಗಳನ್ನು 4,45,500 ಅಚ್ಚು ಹಾಕಿತು. ಅದೇ ವರ್ಷ ಅಧ್ಯಕ್ಷ ರೂಸ್‌ವೆಲ್ಟ್ ಚಿನ್ನವನ್ನು ಹಿಂದಕ್ಕೆ ಪಡೆಯುವ ಆದೇಶ ಹೊರಡಿಸಿದರು, ಈ ನಾಣ್ಯಗಳು ಅಧಿಕೃತವಾಗಿ ಚಲಾವಣೆಗೆ ಬರಲೇ ಇಲ್ಲ, ಕರಗಿ ಗಟ್ಟಿಗಳಾದವು. ಎರಡು ಸ್ಮಿತ್ಸೋನಿಯನ್ ಸಂಸ್ಥೆಗೆ ಹೋದವು. ಹೇಗೋ ಹೊರಬಿದ್ದ ಕೆಲವನ್ನು ಸರ್ಕಾರ ಬೆನ್ನಟ್ಟಿ ಹಿಡಿಯಿತು. ಈ ಶತಮಾನದ ಆರಂಭದಲ್ಲಿ ಒಂದು ಕುಟುಂಬದ ಬಳಿ ಇನ್ನೂ ಹತ್ತು ಇವೆಯೆಂದು ಬೆಳಕಿಗೆ ಬಂತು. ವರ್ಷಗಟ್ಟಲೆ ನಡೆದ ಮೊಕದ್ದಮೆಯ ಕೊನೆಗೆ ಅವೂ ಸರ್ಕಾರದ ವಶವಾದವು. ಒಮ್ಮೆ ಈಜಿಪ್ಟಿನ ದೊರೆ ಫಾರೂಕ್‌ನ ಸಂಗ್ರಹದಲ್ಲಿದ್ದದ್ದೆಂದು ಹೇಳಲಾಗುವ ಒಂದು ನಾಣ್ಯ ಮಾತ್ರ ಖಾಸಗಿಯವರು ಕಾನೂನುಬದ್ಧವಾಗಿ ಇಟ್ಟುಕೊಳ್ಳಬಹುದಾದದ್ದು. 2002ರಲ್ಲಿ ಅದನ್ನು ಹರಾಜಿಗಿಟ್ಟಾಗ 75 ಲಕ್ಷ ಡಾಲರಿಗೂ ಮೀರಿ ಹೋಯಿತು. 2021ರಲ್ಲಿ ಮತ್ತೆ ಹರಾಜಾದಾಗ ಸುಮಾರು 1.89 ಕೋಟಿ ಡಾಲರ್. 2002ರ ಹರಾಜಿನಲ್ಲಿ ಗೆದ್ದವರು ಇನ್ನೂ 20 ಡಾಲರ್ ಸೇರಿಸಿ ಕೊಡಬೇಕಾಯಿತು. ಅಚ್ಚಾದ ದಿನ ಕೊಡದೆ ಉಳಿದಿದ್ದ ಮುಖಬೆಲೆ ಅದು. ಅದನ್ನು ಖಜಾನೆಗೆ ಕಟ್ಟಿದ ಮೇಲೆಯೇ ಆ ಚಿನ್ನದ ಬಿಲ್ಲೆ ಕಾನೂನಿನ ಕಣ್ಣಿಗೆ ನಾಣ್ಯವಾಯಿತು.